ಕೆಂಪು ಕೇಳಿ, ಬಿಳಿ ಬಿಡಿ

ಕೇಳುಗರಿಗೆ ನಮಸ್ಕಾರ. ಡಯಟ್ ಮಾಡುವವರು ಇಟಾಲಿಯನ್ ಹೋಟೆಲಿಗೆ ಹೋದರೆ ಏನು ತಿನ್ನಬೇಕು, ಅದನ್ನು ಹೇಳಿ ಅಂತ ಬಾನುಲಿಯವರು ಕರೆದಿದ್ದಾರೆ. ನಾನು ಆಹಾರ ತಜ್ಞೆ. ದಿನವಿಡೀ ತೂಕದ ಮಾತೇ ನನ್ನ ಕೆಲಸ.

ನಿಮ್ಮಲ್ಲಿ ಎಷ್ಟೋ ಜನ ತಾವಾಗಿ ಇಂಥ ಹೋಟೆಲಿಗೆ ಹೋಗುವವರಲ್ಲ, ಗೊತ್ತು. ಮಗಳ ಮೊದಲ ಸಂಬಳ, ಮಗನ ಹುಟ್ಟುಹಬ್ಬ, ಸೊಸೆಯ ಪ್ರಮೋಷನ್ನು, ಹೀಗೆ ಏನೋ ಒಂದು ನೆಪ. ಇಂದಿರಾನಗರಕ್ಕೋ ಚರ್ಚ್ ಸ್ಟ್ರೀಟಿಗೋ ಕರೆದುಕೊಂಡು ಹೋಗುತ್ತಾರೆ. ಒಂದು ಗಂಟೆ ಟ್ರಾಫಿಕ್ಕಿನಲ್ಲಿ ಕೂತು, ಹೊಟ್ಟೆ ಚುರುಗುಟ್ಟುವಾಗ ಒಳಗೆ ಕಾಲಿಡುತ್ತೀರಿ. ಮೆನು ಕೈಗೆ ಬರುತ್ತದೆ. ಕನ್ನಡಕ ಹಾಕಿಕೊಂಡರೂ ಒಂದು ಹೆಸರೂ ನಾಲಿಗೆಗೆ ಹತ್ತುವುದಿಲ್ಲ. ‘ನಿಮಗೆ ಏನು ಹೇಳ್ತೀರೋ ನನಗೂ ಅದನ್ನೇ ಹೇಳಿಬಿಡಿ’ ಅನ್ನುತ್ತೀರಿ. ಕೆಡುವುದು ಅಲ್ಲೇ.

ಅದಕ್ಕೇ ಒಂದೇ ಒಂದು ಮಾತು ಹೇಳಿಕೊಡುತ್ತೇನೆ. ಮಿಕ್ಕಿದ್ದೆಲ್ಲ ಮರೆತರೂ ಪರವಾಗಿಲ್ಲ. ಕೆಂಪು ಸಾಸ್ ಕೇಳಿ. ಬಿಳಿ ಸಾಸ್ ಬೇಡ.

ಪಾಸ್ತಾ ಅಂದರೆ ಭಯ ಬೀಳಬೇಕಾಗಿಲ್ಲ. ಡ್ಯೂರಮ್ ಅನ್ನುವ ಗಟ್ಟಿ ಗೋಧಿಯ ರವೆಯಿಂದ ಮಾಡಿದ್ದು ಅದು. ನಮ್ಮ ಶಾವಿಗೆಯ ದಾಯಾದಿ ಅಂದುಕೊಳ್ಳಿ. ಶಾವಿಗೆ ತಿಂದು ಯಾರೂ ಕೆಟ್ಟಿಲ್ಲ. ಇಟಲಿಯವರು ಅದನ್ನು ಪೂರ್ತಿ ಮೆತ್ತಗೆ ಬೇಯಿಸುವುದಿಲ್ಲ, ಹಲ್ಲಿಗೆ ಸ್ವಲ್ಪ ಸಿಗುವ ಹಾಗೆ ಬಿಡುತ್ತಾರೆ. ‘ಅಲ್ ದೆಂತೆ’ ಅನ್ನುತ್ತಾರೆ. ಹಾಗೆ ಬೇಯಿಸಿದ್ದು ನಿಧಾನಕ್ಕೆ ಅರಗುತ್ತದೆ. ಒಬ್ಬರಿಗೆ ಒಣ ಪಾಸ್ತಾ ಸುಮಾರು 80 ಗ್ರಾಂ ಹಾಕುವುದು ಅಲ್ಲಿನ ರೂಢಿ. ಅಷ್ಟು ತಿಂದರೆ ಏನೂ ಆಗುವುದಿಲ್ಲ. ತೂಕ ಏರುವುದು ಅದರ ಮೇಲೆ ಸುರಿಯುವುದರಿಂದ.

ನಮ್ಮ ಭಾವನವರ ಕತೆ ಹೇಳುತ್ತೇನೆ. ಮಲ್ಲೇಶ್ವರದಲ್ಲಿದ್ದಾರೆ, ಬ್ಯಾಂಕಿನಿಂದ ರಿಟೈರ್ ಆದವರು. ಎಂಟು ಕಿಲೋ ಇಳಿಸಿ ಅಂದಿದ್ದರು ಡಾಕ್ಟರು. ಮೂರು ತಿಂಗಳು ಬೆಳಗಾಗೆದ್ದು ಸ್ಯಾಂಕಿ ಕೆರೆ ಸುತ್ತಿ ನಾಲ್ಕು ಕಿಲೋ ಇಳಿಸಿದ್ದರು. ಸುಮ್ನೆ ಅಲ್ಲ ಅದು. ಅಷ್ಟರಲ್ಲಿ ಮಗಳಿಗೆ ಕೆಲಸ ಸಿಕ್ಕಿತು. ಇಂದಿರಾನಗರದ ಒಂದು ಹೋಟೆಲಿನಲ್ಲಿ ಊಟ ಕೊಡಿಸಿದಳು, ನನ್ನನ್ನೂ ಕರೆದಿದ್ದಳು. ಮೊದಲಿಗೆ ಬೆಳ್ಳುಳ್ಳಿ ಬ್ರೆಡ್ ಬಂತು. ಭಾವ ಎರಡು ತುಂಡು ತಿಂದರು, ನಾನು ಮಾತಾಡಲಿಲ್ಲ. ಆಮೇಲೆ ಆರ್ಡರ್ ತೆಗೆದುಕೊಳ್ಳುವ ಹುಡುಗನಿಗೆ, ‘ಖಾರ ಇರಬಾರದಪ್ಪಾ, ಪಥ್ಯದಲ್ಲಿದ್ದೀನಿ. ಬಿಳೀದು ಕೊಡು’ ಅಂದರು.

‘ಭಾವ, ಅದು ಬೇಡ’ ಅಂದೆ.

‘ಏನಮ್ಮಾ, ಮನೇಲಿ ತುಪ್ಪ ಬಿಡಿಸಿದೆ, ಹಪ್ಪಳ ಬಿಡಿಸಿದೆ. ಇದು ಸಪ್ಪೆ ಕಣಮ್ಮಾ, ಮೊಸರನ್ನದ ಥರ. ಹೊಟ್ಟೆಗೆ ತಂಪು.’

ಅಕ್ಕ ಎದುರಿನಿಂದ ನನ್ನನ್ನು ಒಂದು ನೋಟ ನೋಡಿದಳು. ಮಗಳ ಸಂತೋಷದ ದಿನ, ಬಾಯಿ ಮುಚ್ಚಿಕೊಂಡಿರು ಅಂತ. ಮುಚ್ಚಿಕೊಂಡೆ. ಭಾವ ತಟ್ಟೆ ಬಳಿದು ತಿಂದರು.

ಅವರ ಲೆಕ್ಕ ತಪ್ಪಿದ್ದು ಎಲ್ಲಿ ಗೊತ್ತಾ? ನಮ್ಮಲ್ಲಿ ಬಿಳಿ ಅಂದರೆ ಪಥ್ಯ. ಜ್ವರ ಬಂದರೆ ಗಂಜಿ, ಹೊಟ್ಟೆ ಕೆಟ್ಟರೆ ಮಜ್ಜಿಗೆ ಅನ್ನ. ಕೆಂಪು ಅಂದರೆ ಖಾರ, ಎಣ್ಣೆ, ಎದೆಯುರಿ. ಇಟಾಲಿಯನ್ ಹೋಟೆಲಿನಲ್ಲಿ ಈ ಲೆಕ್ಕ ಪೂರ್ತಿ ಉಲ್ಟಾ.

ಮರುದಿನವೇ ಭಾವನನ್ನು ನಮ್ಮ ಮನೆಗೆ ಕರೆದು ಅಡುಗೆಮನೆಯಲ್ಲಿ ಸ್ಟೂಲ್ ಹಾಕಿ ಕೂರಿಸಿದೆ. ಬಾಣಲೆ ಇಟ್ಟು ಒಂದು ದೊಡ್ಡ ಚಮಚ ಬೆಣ್ಣೆ ಹಾಕಿದೆ. ಇನ್ನೊಂದು ಹಾಕಿದೆ. ಆ ಎರಡು ಚಮಚವೇ 200 ಕ್ಯಾಲೊರಿ. ಮೈದಾ ಹಾಕಿ ಹುರಿದೆ. ಕೆನೆ ತೆಗೆಯದ ಹಾಲು ಹುಯ್ದೆ. ಅದು ಗಟ್ಟಿಯಾಗುತ್ತಿದ್ದ ಹಾಗೆ ಕ್ರೀಮ್. ಮೇಲೆ ಒಂದು ಹಿಡಿ ಚೀಸ್. ಭಾವ ಬಗ್ಗಿ ನೋಡುತ್ತಲೇ ಇದ್ದರು. ಕೊನೆಗೆ ಹೇಳಿದರು, ‘ಏನಮ್ಮಾ ಇದು, ಮೈಸೂರು ಪಾಕಿಗೆ ಕೂತ ಹಾಗಿದೆಯಲ್ಲಾ!’ ನಾನು ಇಪ್ಪತ್ತು ನಿಮಿಷ ಪಾಠ ಮಾಡಿದ್ದರೂ ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಪಕ್ಕದ ಒಲೆಯಲ್ಲಿ ಕೆಂಪು ಸಾಸ್ ಮಾಡಿದೆ. ಟೊಮೇಟೊ, ಬೆಳ್ಳುಳ್ಳಿ, ಒಂದು ಚಮಚ ಎಣ್ಣೆ, ತುಳಸಿಯ ಬಳಗದ ಬೇಸಿಲ್ ಸೊಪ್ಪು. ಮುಗೀತು. 100 ಗ್ರಾಂ ಟೊಮೇಟೊದಲ್ಲಿ 20 ಕ್ಯಾಲೊರಿ ಇದ್ದರೆ ಹೆಚ್ಚು. ಸ್ವಲ್ಪ ಖಾರ ಬೇಕು ಅನ್ನುವವರು ‘ಅರಾಬಿಯಾತಾ’ ಅಂತ ಕೇಳಿ. ಇಟಲಿಯ ಮಾತಿನಲ್ಲಿ ಸಿಟ್ಟಿಗೆದ್ದದ್ದು ಅಂತ ಅರ್ಥ, ಒಣಮೆಣಸಿನಕಾಯಿ ಹಾಕುವುದರಿಂದ. ನಮ್ಮ ಬಾಯಿಗೆ ಅಂಥ ದೊಡ್ಡ ಸಿಟ್ಟೇನೂ ಅಲ್ಲ.

ಪಿಂಕ್ ಸಾಸ್ ತಿನ್ನಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಕೆಂಪಿಗೆ ಬಿಳಿ ಬೆರೆಸಿದರೆ ತಾನೇ ಪಿಂಕ್? ಬೇಡ. ಕೆಲವು ಕಡೆ ಕೆಂಪಿಗೂ ಕದ್ದು ಕ್ರೀಮ್ ಹಾಕುತ್ತಾರೆ, ‘ಕ್ರೀಮ್ ಹಾಕಬೇಡಿ’ ಅಂತ ಬಾಯಿಬಿಟ್ಟು ಹೇಳಿ. ಇನ್ನು ಎಣ್ಣೆ ಬೆಳ್ಳುಳ್ಳಿಯದೇ ಪಾಸ್ತಾ ಇದೆಯಲ್ಲ, ಆಲಿವ್ ಎಣ್ಣೆ ಒಳ್ಳೇದು ತಾನೇ ಅನ್ನುತ್ತೀರಿ. ಒಳ್ಳೇದೇ. ಆದರೆ ದೊಡ್ಡ ಚಮಚ ಆಲಿವ್ ಎಣ್ಣೆಯೂ 120 ಕ್ಯಾಲೊರಿ, ದೊಡ್ಡ ಚಮಚ ಕಡಲೆಕಾಯಿ ಎಣ್ಣೆಯೂ 120 ಕ್ಯಾಲೊರಿ. ಇಟಲಿಯಿಂದ ಬಂತು ಅಂತ ಕಡಿಮೆ ಆಗಲ್ಲ!

ಹೊರಗಿನಿಂದ ಕೈ ಆಡಿಸುತ್ತಿದ್ದಾರೆ, ಸಮಯ ಆಯಿತಂತೆ. ಭಾವನ ಕತೆಯೇ ಜಾಸ್ತಿ ಹೊತ್ತು ತಿಂದುಬಿಟ್ಟಿತು. ಬೇಗ ಬೇಗ ಹೇಳುತ್ತೇನೆ. ಹೋದ ತಕ್ಷಣ ಮಿನೆಸ್ತ್ರೋನೆ ಸೂಪ್ ಹೇಳಿ. ತರಕಾರಿ, ಕಾಳು ಹಾಕಿದ ತಿಳಿ ಹುಳಿ ಅಂದುಕೊಂಡು ಕುಡಿಯಿರಿ, ಅರ್ಧ ಹಸಿವು ಅಡಗುತ್ತದೆ. ಬೆಣ್ಣೆ ಸವರಿದ ಬೆಳ್ಳುಳ್ಳಿ ಬ್ರೆಡ್ಡನ್ನು ಮಕ್ಕಳ ಕಡೆಗೆ ತಳ್ಳಿ. ಪಿಜ್ಜಾ ಆದರೆ ತೆಳ್ಳಗಿನದು, ಮೇಲೆ ತರಕಾರಿ, ಎರಡು ತುಂಡು. ಮರಿನಾರಾ ಅಂತ ಒಂದಿದೆ, ನೇಪಲ್ಸಿನ ಹಳೇ ಪಿಜ್ಜಾ, ಅದರಲ್ಲಿ ಚೀಸೇ ಇಲ್ಲ, ಟೊಮೇಟೊ ಬೆಳ್ಳುಳ್ಳಿ ಅಷ್ಟೇ. ನೋಡಿ, ಅಲ್ಲೂ ಕೆಂಪೇ. ಕೊನೆಗೆ ತಿರಮಿಸು ಅನ್ನುವ ಕೆನೆಭರಿತ ಸಿಹಿಯ ಮಾತು ಬಂದರೆ ಒಂದೇ ತರಿಸಿ, ಹಂಚಿಕೊಳ್ಳುವುದಕ್ಕೆ ನಾಲ್ಕು ಚಮಚ ಕೇಳಿ. ಪಾಸ್ತಾ ನಮ್ಮಲ್ಲಿ ರಾಶಿ ಹಾಕಿ ತರುತ್ತಾರೆ, ಒಂದು ಪ್ಲೇಟ್ ಇಬ್ಬರಿಗೆ ಸಾಕು. ಬೈ ಟೂ ಕಾಫಿ ಕೇಳುವುದಕ್ಕೆ ನಾಚದ ಊರು ನಮ್ಮದು, ಬೈ ಟೂ ಪಾಸ್ತಾ ಕೇಳುವುದಕ್ಕೆ ಯಾಕೆ ನಾಚಿಕೆ?

ಭಾವ ಈಗ ಎಲ್ಲಿ ಹೋದರೂ ‘ಕೆಂಪು, ಕೆಂಪು’ ಅನ್ನುತ್ತಾರೆ. ಮೊನ್ನೆ ದರ್ಶಿನಿಯಲ್ಲಿ ಮಸಾಲೆ ದೋಸೆಗೂ ‘ಕೆಂಪು ಚಟ್ನಿ ಜಾಸ್ತಿ ಸವರಪ್ಪಾ, ನಮ್ಮ ನಾದಿನಿ ಹೇಳಿದ್ದಾಳೆ’ ಅಂದರಂತೆ. ಆ ಕೆಂಪು ನಾನು ಹೇಳಿದ್ದಲ್ಲ, ಕೇಳುಗರೇ. ನಮಸ್ಕಾರ.