ಕೊನೆಯ ಪ್ರಶ್ನೆಗೆ ಸೊನ್ನೆ ಪಣ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಗಾವಿಯಲ್ಲಿ ನಾನು ಹೈಸ್ಕೂಲು ಮಕ್ಕಳಿಗೆ ಕ್ವಿಝ್ ತಯಾರಿ ಮಾಡಿಸುತ್ತೇನೆ. ಮಗುವನ್ನು ಕರೆದುಕೊಂಡು ಬರುವ ಪಾಲಕರು ಮೊದಲು ಕೇಳುವುದು ಒಂದೇ ಮಾತು. "ಯಾವ ಪುಸ್ತಕ ಬಾಯಿಪಾಠ ಮಾಡಿಸಬೇಕ್ರಿ ಸರ?" ಬಾಯಿಪಾಠ ಬೇಡ ಅಂತ ನಾನು ಹೇಳುವುದಿಲ್ಲ. ತಲೆಯಲ್ಲಿ ಏನೂ ಇಲ್ಲದೆ ಕ್ವಿಝ್ ಆಡಲು ಆಗುವುದಿಲ್ಲ. ಆದರೆ ಫೈನಲ್‌ಗೆ ಬಂದವರೆಲ್ಲ ಓದಿಕೊಂಡೇ ಬಂದಿರುತ್ತಾರೆ, ಅಲ್ವಾ? ಹಾಗಾದರೆ ಅಲ್ಲಿ ಗೆಲ್ಲಿಸುವುದು ಏನು? ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ 2020ರ ಜನವರಿ 14ರಂದು ಅಮೆರಿಕದ ಟಿವಿಯಲ್ಲಿ ಬಂದ ಒಂದು ಪಂದ್ಯದಲ್ಲಿದೆ.

ಅಲ್ಲಿ ಜೆಪರ್ಡಿ ಅನ್ನುವ ಕ್ವಿಝ್ ಇದೆ. 1964ರಲ್ಲಿ ಶುರುವಾಗಿದ್ದು. ಅದರ ಇತಿಹಾಸದಲ್ಲೇ ಎಲ್ಲರಿಗಿಂತ ದೊಡ್ಡ ಆಟಗಾರ ಯಾರು ಅಂತ ತೀರ್ಮಾನ ಮಾಡಲು ಮೂವರನ್ನು ಕರೆದರು. ಕೆನ್ ಜೆನ್ನಿಂಗ್ಸ್ 2004ರಲ್ಲಿ ಸತತ 74 ಆಟ ಗೆದ್ದವರು. ಬ್ರಾಡ್ ರಟರ್ ಟೂರ್ನಿಗಳ ಸರದಾರ. ಮೂರನೆಯವರು ಜೇಮ್ಸ್ ಹೋಲ್ಜ್‌ಹೌವರ್, ಲಾಸ್ ವೇಗಸ್‌ನಲ್ಲಿ ಆಟಗಳ ಮೇಲೆ ಬಾಜಿ ಕಟ್ಟುವುದೇ ಅವರ ಕಸುಬು. 2019ರಲ್ಲಿ ಒಂದೇ ದಿನ 1,31,127 ಡಾಲರ್ ಗೆದ್ದು ದಾಖಲೆ ಮಾಡಿದ್ದರು. ಈ ಹೋಲ್ಜ್‌ಹೌವರ್ ತಯಾರಿಗೆ ಏನು ಓದಿದ್ದರು ಗೊತ್ತಾ? ಲೈಬ್ರರಿಯ ಮಕ್ಕಳ ವಿಭಾಗದ ಪುಸ್ತಕಗಳನ್ನು. ಗೊತ್ತಿಲ್ಲದ ವಿಷಯವನ್ನು ಚಿತ್ರ ಸಮೇತ, ಸರಳವಾಗಿ, ಬೇಗ ತಿಳಿಸುವುದು ಆ ಪುಸ್ತಕಗಳೇ ಅಂತ ಅವರೇ ಹೇಳಿದ್ದಾರೆ. ನಮ್ಮ ಊರುಗಳ ಗ್ರಂಥಾಲಯಗಳಲ್ಲಿ ಮಕ್ಕಳ ಕಪಾಟು ಒಂದಿದ್ದರೆ ಸಾಕು ಅಂತ ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ನಿಯಮ ಹೀಗಿತ್ತು. ಒಂದು ಪಂದ್ಯ ಅಂದರೆ ಎರಡು ಆಟ, ಎರಡರ ಅಂಕ ಕೂಡಿಸಬೇಕು. ಮೊದಲು ಮೂರು ಪಂದ್ಯ ಗೆದ್ದವರಿಗೆ 10 ಲಕ್ಷ ಡಾಲರ್. ಮೊದಲ ಪಂದ್ಯದಲ್ಲಿ ಜೆನ್ನಿಂಗ್ಸ್ 63,400, ಹೋಲ್ಜ್‌ಹೌವರ್ 63,200. ಬರೀ 200 ಅಂಕದ ಅಂತರ! ಎರಡನೆಯದು ಹೋಲ್ಜ್‌ಹೌವರ್ ಪಾಲಾಯಿತು. ಮೂರನೆಯದು ಮತ್ತೆ ಜೆನ್ನಿಂಗ್ಸ್‌ಗೆ. ನಾಲ್ಕನೆಯದನ್ನೂ ಗೆದ್ದರೆ ಜೆನ್ನಿಂಗ್ಸ್‌ಗೆ ಪಟ್ಟ. ರಟರ್ ಆಗಲೇ ತುಂಬಾ ಹಿಂದೆ ಬಿದ್ದಿದ್ದರು. ಮಧ್ಯೆ ಬರುವ ಪಣದ ಪ್ರಶ್ನೆಗಳು, ಅಂದರೆ ಹಚ್ಚಿದಷ್ಟು ಅಂಕ ಉತ್ತರ ಸರಿಯಾದರೆ ಸೇರುವ, ತಪ್ಪಾದರೆ ಹೋಗುವ ಪ್ರಶ್ನೆಗಳು, ಆ ಟೂರ್ನಿಯಲ್ಲಿ ಅವರ ಕೈ ಹಿಡಿಯಲಿಲ್ಲ. ಅವರಿಗೆ ತಿಳಿವಳಿಕೆ ಕಡಿಮೆಯಿತ್ತು ಅಂತ ಮಾತ್ರ ಯಾರೂ ಹೇಳಲಾರರು.

ಬಜರ್ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಶಾಲೆಗಳಲ್ಲಿ ಪ್ರಶ್ನೆ ಅರ್ಧ ಓದುವಷ್ಟರಲ್ಲೇ ಮಕ್ಕಳು ಗುಂಡಿ ಒತ್ತಿಬಿಡುತ್ತಾರೆ. ಜೆಪರ್ಡಿಯಲ್ಲಿ ಅದು ನಡೆಯುವುದಿಲ್ಲ. ನಿರೂಪಕರು ಕೊನೆಯ ಅಕ್ಷರ ಓದಿ ಮುಗಿಸಿದ ಮೇಲೆ ಪಕ್ಕದಲ್ಲಿ ಕೂತ ಒಬ್ಬರು ಬಜರ್‌ಗಳನ್ನು ಚಾಲೂ ಮಾಡುತ್ತಾರೆ, ಬೋರ್ಡಿನ ಅಂಚಿನಲ್ಲಿ ದೀಪ ಹತ್ತುತ್ತದೆ. ಅದಕ್ಕೂ ಮುಂಚೆ ಒತ್ತಿದರೆ ಕಾಲು ಸೆಕೆಂಡ್ ನಿಮ್ಮ ಬಜರ್ ಬಂದ್. ಕಾಲು ಸೆಕೆಂಡ್ ಅಂದರೆ ಸುಮ್ನೆ ಅಲ್ಲ, ಅಷ್ಟರಲ್ಲಿ ಪಕ್ಕದವರು ಉತ್ತರ ಹೇಳಲು ಬಾಯಿ ತೆರೆದಿರುತ್ತಾರೆ. ಹಾಗಾಗಿ ಅಲ್ಲಿ ಕಾಯುವುದೂ ಒಂದು ವಿದ್ಯೆ.

ಈಗ ಆ ನಾಲ್ಕನೆಯ ಪಂದ್ಯ. ಮೊದಲ ಆಟದ ಕೊನೆಯ ಪ್ರಶ್ನೆ ಬರುವ ಹೊತ್ತಿಗೆ ಜೆನ್ನಿಂಗ್ಸ್ ಹತ್ತಿರ 32,800 ಅಂಕ ಇದ್ದವು. ಅಷ್ಟನ್ನೂ ಪಣಕ್ಕೆ ಹಚ್ಚಿದರು. ಉತ್ತರ ಸರಿಯಾಯಿತು, 65,600 ಆಯಿತು. ಹೋಲ್ಜ್‌ಹೌವರ್ 34,181ರಲ್ಲಿ ನಿಂತರು. ಎರಡನೆಯ ಆಟದಲ್ಲಿ ಹೋಲ್ಜ್‌ಹೌವರ್ ಮೇಲೆ ಎದ್ದು 44,000ಕ್ಕೆ ಬಂದರು, ಜೆನ್ನಿಂಗ್ಸ್ 23,000. ಉಳಿದದ್ದು ಒಂದೇ ಪ್ರಶ್ನೆ.

ಕೊನೆಯ ಪ್ರಶ್ನೆಯ ಪದ್ಧತಿಯೇ ಚಂದ. ಮೊದಲು ವಿಷಯ ಮಾತ್ರ ಹೇಳುತ್ತಾರೆ. ಅದನ್ನು ಕೇಳಿ ಆಟಗಾರರು ಎಷ್ಟು ಅಂಕ ಹಚ್ಚುತ್ತೇವೆ ಅಂತ ಬರೆಯಬೇಕು. ಆಮೇಲೆ ಪ್ರಶ್ನೆ. ಅವತ್ತಿನ ವಿಷಯ ಷೇಕ್ಸ್‌ಪಿಯರ್‌ನ ದುರಂತ ನಾಟಕಗಳು. ಜೆನ್ನಿಂಗ್ಸ್ ಎಷ್ಟು ಹಚ್ಚಿದರು? ಸೊನ್ನೆ.

ಈ ಪಂದ್ಯವನ್ನು ಮಕ್ಕಳಿಗೆ ತೋರಿಸಿದಾಗ ಇಲ್ಲೇ ಗದ್ದಲ ಶುರುವಾಗುತ್ತದೆ. "ಸರ, ಅಷ್ಟು ಶಾಣ್ಯಾ ಮನಷ್ಯಾ, ಸೊನ್ನೆ ಯಾಕ ಹಚ್ಚಿದ್ರಿ?" ಆಗ ನಾನು ಚಾಕ್‌ಪೀಸ್ ಅವರ ಕೈಗೇ ಕೊಡುತ್ತೇನೆ. ನೀವೂ ಕಾಗದ ಇದ್ದರೆ ಬರೆದುಕೊಳ್ಳಿ. ಕೊನೆಯ ಪ್ರಶ್ನೆಗೆ ಮುಂಚೆ ಎರಡೂ ಆಟ ಕೂಡಿಸಿದರೆ ಜೆನ್ನಿಂಗ್ಸ್ 88,600, ಹೋಲ್ಜ್‌ಹೌವರ್ 78,181. ಹೋಲ್ಜ್‌ಹೌವರ್ ಇದ್ದ 44,000ವನ್ನೂ ಹಚ್ಚಿ ಸರಿ ಉತ್ತರ ಕೊಟ್ಟರೆ 1,22,181. ಜೆನ್ನಿಂಗ್ಸ್ ತಮ್ಮ 23,000 ಪೂರ್ತಿ ಹಚ್ಚಿ ಗೆದ್ದರೂ 1,11,600. ಅಂದರೆ ಹೋಲ್ಜ್‌ಹೌವರ್ ಎಲ್ಲ ಹಚ್ಚಿ ಸರಿ ಹೇಳಿದರೆ ಜೆನ್ನಿಂಗ್ಸ್ ಏನೇ ಮಾಡಿದರೂ ಆ ಪಂದ್ಯ ಸೋತಂತೆ. ಹೋಲ್ಜ್‌ಹೌವರ್ ತಪ್ಪು ಹೇಳಿದರೆ? ಆಗ ಜೆನ್ನಿಂಗ್ಸ್ ಸುಮ್ಮನೆ ನಿಂತಲ್ಲೇ ನಿಂತರೆ ಸಾಕು. ಸೋಲಲು ಇದ್ದ ದಾರಿ ಒಂದೇ, ಆಸೆಗೆ ಬಿದ್ದು ದೊಡ್ಡದು ಹಚ್ಚಿ ತಾವೂ ತಪ್ಪುವುದು. ಆ ದಾರಿಯನ್ನು ಅವರು ಸೊನ್ನೆ ಬರೆದು ಮುಚ್ಚಿಬಿಟ್ಟರು. ಕಬಡ್ಡಿಯಲ್ಲಿ ಮುಂದಿರುವ ತಂಡದ ಆಟಗಾರ ಕೊನೆಯ ರೇಡಿನಲ್ಲಿ ಗೆರೆ ದಾಟಿ ಸುಮ್ಮನೆ ವಾಪಸ್ ಬರುವುದನ್ನು ನೀವು ನೋಡಿರುತ್ತೀರಿ, ಇದೂ ಹಾಗೇ.

ಹೋಲ್ಜ್‌ಹೌವರ್ ಹಿಂದೆ ಇದ್ದರು. ದೊಡ್ಡದು ಹಚ್ಚದೆ ಅವರಿಗೆ ಗತಿಯಿರಲಿಲ್ಲ. 44,000ವನ್ನೂ ಹಚ್ಚಿದರು. ಮೊದಲ ಆಟದಲ್ಲಿ ಜೆನ್ನಿಂಗ್ಸ್ ಇದ್ದದ್ದನ್ನೆಲ್ಲ ಹಚ್ಚಿದ್ದೂ ಸರಿ, ಈಗ ಏನೂ ಹಚ್ಚದೆ ಇದ್ದದ್ದೂ ಸರಿ. ಧೈರ್ಯ ಎಲ್ಲಿ ಬೇಕು, ತಾಳ್ಮೆ ಎಲ್ಲಿ ಬೇಕು ಅನ್ನುವುದನ್ನು ಅವರು ಲೆಕ್ಕ ಹಾಕಿ ನೋಡಿದ್ದರು.

ಪ್ರಶ್ನೆ ಹೀಗಿತ್ತು. ಷೇಕ್ಸ್‌ಪಿಯರ್‌ನ ದುರಂತ ನಾಟಕಗಳಲ್ಲಿ, ನಾಟಕಕ್ಕೆ ಹೆಸರು ಕೊಡದ ಪಾತ್ರಗಳ ಪೈಕಿ, ಅತಿ ಹೆಚ್ಚು ಅಂದರೆ 272 ಸಲ ಮಾತಾಡುವ ಪಾತ್ರ ಯಾವುದು? ಹೋಲ್ಜ್‌ಹೌವರ್ ಬರೆದದ್ದು ಹೊರೇಷಿಯೊ, ಹ್ಯಾಮ್ಲೆಟ್‌ನ ಗೆಳೆಯ. ಮೊದಲ ದೃಶ್ಯದಿಂದ ಕೊನೆಯ ದೃಶ್ಯದವರೆಗೂ ಇರುವ ಪಾತ್ರ ಅದು, ಹಾಗೆ ಯೋಚಿಸಿದರೆ ತೀರಾ ಅಡ್ಡದಾರಿ ಉತ್ತರವೇನಲ್ಲ. ಸರಿ ಉತ್ತರ ಇಯಾಗೊ. ಒಥೆಲೊ ನಾಟಕದಲ್ಲಿ ಎಲ್ಲರ ಕಿವಿ ಚುಚ್ಚುತ್ತಾ ತಿರುಗುವವನು. ನಾಯಕ ಒಥೆಲೊಗಿಂತ ಜಾಸ್ತಿ ಮಾತು ಅವನದೇ. ಜೆನ್ನಿಂಗ್ಸ್ ಇಯಾಗೊ ಅಂತಲೇ ಬರೆದಿದ್ದರು. 88,600ಕ್ಕೆ 34,181. ಪಟ್ಟ ಅವರದಾಯಿತು.

ಆ 272 ಅನ್ನುವ ಸಂಖ್ಯೆಯನ್ನು ಯಾರೂ ಬಾಯಿಪಾಠ ಮಾಡಿಕೊಂಡು ಬಂದಿರಲಿಲ್ಲ. ಯೋಚಿಸಿ ತಲುಪಬೇಕಾದ ಉತ್ತರ ಅದು. ನಾಟಕದಲ್ಲಿ ಯಾರ ಕೆಲಸವೇ ಮಾತು ಅಂತ ಕೇಳಿಕೊಂಡರೆ ಇಯಾಗೊ ತಾನಾಗಿ ಎದುರಿಗೆ ಬರುತ್ತಾನೆ. ಒಳ್ಳೆಯ ಪ್ರಶ್ನೆ ಇರಬೇಕಾದದ್ದು ಹೀಗೆ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಕಾಂಗ್ರೆಸ್ ಅಧಿವೇಶನ ಎಲ್ಲಿ ನಡೆಯಿತು ಅಂತ ಬೆಳಗಾವಿ ಹುಡುಗನನ್ನು ಕೇಳಿದರೆ ನಿದ್ದೆಯಲ್ಲೂ ಹೇಳುತ್ತಾನೆ. ಅದೇ ಪ್ರಶ್ನೆಯನ್ನು ತಿರುಗಿಸಿ ನೋಡಿ. 1924ರಲ್ಲಿ ಬರುವ ಜನರಿಗೆ ನೀರು ಸಾಲಬೇಕು ಅಂತ ತೋಡಿದ ಒಂದು ಬಾವಿಯನ್ನು ಊರಿನವರು ಇವತ್ತಿಗೂ ಒಂದು ಪಕ್ಷದ ಹೆಸರಿನಿಂದಲೇ ಕರೆಯುತ್ತಾರೆ. ಆಗಿನ್ನೂ ಬಾಲಕಿಯಾಗಿದ್ದ ಗಂಗೂಬಾಯಿ ಹಾನಗಲ್ ಅಲ್ಲಿ ಹಾಡಿದ್ದರು. ಊರು ಯಾವುದು? ಇಸವಿ ಹಿಡಿದು ಬರಬಹುದು, ಹಾಡು ಹಿಡಿದು ಬರಬಹುದು, ಟಿಳಕವಾಡಿಯ ಕಾಂಗ್ರೆಸ್ ಬಾವಿ ನೋಡಿದ್ದರೆ ಅದನ್ನು ಹಿಡಿದೂ ಬರಬಹುದು. ಯಾವ ದಾರಿಯಿಂದ ಬಂದರೂ ಮಗುವಿನ ಮುಖ ಅರಳುತ್ತದೆ.

ನಮ್ಮಲ್ಲೂ ಟಿವಿ ಕ್ವಿಝ್‌ಗೆ ಒಳ್ಳೆಯ ಪರಂಪರೆ ಇದೆ. ದೂರದರ್ಶನ ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದ 'ಥಟ್ ಅಂತ ಹೇಳಿ' ಬಹುಮಾನವಾಗಿ ಪುಸ್ತಕ ಕೊಟ್ಟಿತು. ಹಳ್ಳಿ ಮನೆಗಳಿಗೂ ಕನ್ನಡ ಪುಸ್ತಕ ಹೋದದ್ದು ಸಣ್ಣ ಸಂಗತಿಯಲ್ಲ. ಶಾಲೆಯ ಕ್ವಿಝ್‌ಗಳಲ್ಲಿ ಇದರ ಜೊತೆಗೆ ಪಣದ ಸುತ್ತೊಂದು ಸೇರಬೇಕು ಅನ್ನುವುದು ನನ್ನ ಆಸೆ.

ಮಾಸ್ತರರೇ, ಅಕ್ಕೋರೇ, ಇದಕ್ಕೆ ಖರ್ಚೇನೂ ಇಲ್ಲ. ಬಜರ್ ಕೂಡ ಬೇಡ. ಕೊನೆಯ ಸುತ್ತಿಗೆ ಮುಂಚೆ ಎಲ್ಲ ತಂಡಗಳ ಅಂಕ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ. ವಿಷಯ ಹೇಳಿ, ನದಿಗಳು ಅಂತಲೋ ಕ್ರಿಕೆಟ್ ಅಂತಲೋ ವಚನಕಾರರು ಅಂತಲೋ. ಲೆಕ್ಕ ಹಾಕಲು ಎರಡು ನಿಮಿಷ ಕೊಡಿ. ಮಕ್ಕಳು ಚೀಟಿಯಲ್ಲಿ ಪಣ ಬರೆದು ಮಡಚಿ ನಿಮ್ಮ ಮೇಜಿನ ಮೇಲೆ ಇಡಲಿ. ಆಮೇಲೆ ಪ್ರಶ್ನೆ ಓದಿ. ಉತ್ತರಗಳನ್ನು ಹಿಂದಿರುವ ತಂಡದಿಂದ ಶುರುಮಾಡಿ ಒಂದೊಂದಾಗಿ ಬಿಚ್ಚಿ. ಯಾರಾದರೂ ಸೊನ್ನೆ ಬರೆದಿದ್ದರೆ ಗದರಬೇಡಿ. ಯಾಕೆ ಬರೆದೆ ಅಂತ ಕೇಳಿ, ಬೋರ್ಡಿನ ಹತ್ತಿರ ಕರೆದು ಎಲ್ಲರ ಮುಂದೆ ಆ ಲೆಕ್ಕ ಬಿಡಿಸಲು ಹೇಳಿ.

ನಮಸ್ಕಾರ.