ಕೊಕ್ಕರೆ ರೋಗಕ್ಕೆ ಲಸಿಕೆ ಇದೆ, ಹಿತ್ತಲ ಕೋಳಿಗೆ ಇಲ್ಲ

ನಮಸ್ಕಾರ. ಹಕ್ಕಿಜ್ವರ ಬಂತು ಅಂದರೆ ಸಾಕು, ಕ್ಯಾಮೆರಾಗಳು ಓಡಿ ಬರುತ್ತವೆ. 2016ರಲ್ಲಿ ಹುಮನಾಬಾದ್‌ಗೆ ಬಂದವು, 2020ರಲ್ಲಿ ಮೈಸೂರಿಗೆ, ದಾವಣಗೆರೆ ಜಿಲ್ಲೆಗೆ ಬಂದವು. ಬಿಳಿ ಕವಚ ತೊಟ್ಟ ಸಿಬ್ಬಂದಿ, ಗುಂಡಿ, ಸುಣ್ಣ. ಚಿಕನ್ ರೇಟು ಬೀಳುತ್ತದೆ, ಮತ್ತೆ ಏರುತ್ತದೆ, ಎಲ್ಲರೂ ಮರೆಯುತ್ತಾರೆ. ಹಾಗೆ ಕೊಲ್ಲಿಸಿದ ಕೋಳಿಗೆ ಸರ್ಕಾರ ಪರಿಹಾರವನ್ನೂ ಕೊಡುತ್ತದೆ. ಬೇಡ ಅನ್ನುತ್ತಿಲ್ಲ. ಆದರೆ ಹಿತ್ತಲಲ್ಲಿ ಏಳೆಂಟು ನಾಟಿ ಕೋಳಿ ಸಾಕಿಕೊಂಡ ಹೆಂಗಸರನ್ನು ಒಮ್ಮೆ ಕೇಳಿ ನೋಡಿ, ಯಾವ ರೋಗಕ್ಕೆ ಹೆದರುತ್ತೀರಿ ಅಂತ. ಕೊಕ್ಕರೆ ರೋಗ ಅನ್ನುತ್ತಾರೆ.

ಪುಸ್ತಕದಲ್ಲಿ ಇದಕ್ಕೆ ರಾಣಿಖೇತ್ ರೋಗ ಅಂತ ಹೆಸರು. ಕೋಳಿ ರೆಕ್ಕೆ ಇಳಿಬಿಟ್ಟು ಮಂಕಾಗಿ ಕೂರುತ್ತದೆ. ಹಸಿರು ಬೇಧಿ. ಬಾಯಿ ತೆರೆದು ಉಸಿರಾಟ. ಕೆಲವಕ್ಕೆ ಕುತ್ತಿಗೆ ತಿರುಚಿಕೊಳ್ಳುತ್ತದೆ. ಲಸಿಕೆ ಕಾಣದ ಗುಂಪಿಗೆ ತೀವ್ರವಾಗಿ ಬಂದರೆ ಕೆಲವೇ ದಿನದಲ್ಲಿ ಗೂಡು ಖಾಲಿ. ಔಷಧಿ ಇಲ್ಲ.

ಲಸಿಕೆ ಮಾತ್ರ ಇದೆ, ಅದೂ ಇವತ್ತಿನದಲ್ಲ. ಹಿಮಾಲಯದ ತಪ್ಪಲಿನ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ 1940ರ ದಶಕದಲ್ಲೇ ನಮ್ಮ ದೇಶದ ಲಸಿಕೆ ಸಿದ್ಧವಾಯಿತು. ಸ್ವಾತಂತ್ರ್ಯದಷ್ಟೇ ಹಳೆಯದು ಅನ್ನಿ. ಈಗ ನಮ್ಮ ಹೆಬ್ಬಾಳದಲ್ಲೇ ಸರ್ಕಾರದ ಲಸಿಕೆ ತಯಾರಿಕಾ ಸಂಸ್ಥೆ ಇದೆ. ಫಾರಂ ಕೋಳಿಗಳಿಗೆ ಮೊದಲ ವಾರದಲ್ಲೇ ಕಣ್ಣಿಗೆ ಹನಿ ಹಾಕುತ್ತಾರೆ, ಆಮೇಲೆ ಕುಡಿಯುವ ನೀರಿನಲ್ಲಿ ಕೊಡುತ್ತಾರೆ. ಹಾಗಾದರೆ ಹಿತ್ತಲ ಕೋಳಿ ಯಾಕೆ ಸಾಯುತ್ತದೆ?

ಲಸಿಕೆಯ ಸೀಸೆ ಫಾರಂ ಲೆಕ್ಕದ್ದು, ಅದಕ್ಕೆ. ಒಂದು ಸೀಸೆಯಲ್ಲಿ ನೂರಾರು ಕೋಳಿಗೆ ಆಗುವಷ್ಟು ಇರುತ್ತದೆ. ಒಮ್ಮೆ ನೀರು ಬೆರೆಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಅಲ್ಲಿಯವರೆಗೂ ತಣ್ಣಗೆ ಇಟ್ಟಿರಬೇಕು. ಕರೆಂಟು ಹೋಗಿ ಬಂದು ಮಾಡುವ ಊರಲ್ಲಿ, ಎಂಟು ಕೋಳಿಗೋಸ್ಕರ ಯಾರು ಇದನ್ನೆಲ್ಲ ಮಾಡುತ್ತಾರೆ ಹೇಳಿ.

ಈ ಪ್ರಶ್ನೆಯನ್ನೇ ತಲೆಗೆ ಹಚ್ಚಿಕೊಂಡ ಒಬ್ಬ ವಿಜ್ಞಾನಿ ಇದ್ದರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪೀಟರ್ ಸ್ಪ್ರಾಡ್‌ಬ್ರೋ. ಇದೇ ರೋಗದ ವೈರಸ್‌ನಲ್ಲಿ ಕೋಳಿಗೆ ಏನೂ ತೊಂದರೆ ಮಾಡದ ಸಾಧು ತಳಿಗಳೂ ಇವೆ. ಅವುಗಳಲ್ಲಿ ಬಿಸಿಲನ್ನು ತಾಳಿಕೊಳ್ಳುವುದು ಯಾವುದು ಅಂತ ಅವರ ತಂಡ ಹುಡುಕಿತು. ಹಾಗೆ ಸಿಕ್ಕಿದ್ದು ಐ-2. ಇದರಿಂದ ಮಾಡಿದ ಲಸಿಕೆ ಫ್ರಿಜ್ಜಿನಿಂದ ಹೊರಗೆ ಬಂದ ಕೂಡಲೇ ಕೆಡುವುದಿಲ್ಲ. ಮರಿ ಇರಲಿ, ಹುಂಜ ಇರಲಿ, ಕಣ್ಣಿಗೆ ಒಂದೇ ಹನಿ. ನಾಲ್ಕು ತಿಂಗಳಿಗೊಮ್ಮೆ ಮತ್ತೆ ಹಾಕಬೇಕು.

ನನಗೆ ಇದಕ್ಕಿಂತ ದೊಡ್ಡದಾಗಿ ಕಂಡಿದ್ದು ಅವರ ಮುಂದಿನ ಹೆಜ್ಜೆ. ಮೂಲ ವೈರಸ್ಸನ್ನು ಬಡ ದೇಶಗಳ ಸರ್ಕಾರಿ ಲ್ಯಾಬುಗಳಿಗೆ ದುಡ್ಡಿಲ್ಲದೆ ಕೊಟ್ಟರು, ನೀವೇ ಮಾಡಿಕೊಳ್ಳಿ ಅಂತ. ಮೊಜಾಂಬಿಕ್, ತಾಂಜಾನಿಯಾದ ಹಳ್ಳಿಗಳಲ್ಲಿ ಊರಿನವರೇ ತರಬೇತಿ ಪಡೆದು ಮನೆಮನೆಗೆ ಹೋಗಿ ಹನಿ ಹಾಕಿದರು. ಕೋಳಿಯ ಯಜಮಾನಿ ಒಂದಿಷ್ಟು ಚಿಲ್ಲರೆ ಕಾಸು ಕೊಡುತ್ತಾಳೆ, ಹನಿ ಹಾಕುವವರಿಗೂ ಸಂಪಾದನೆ.

ಲ್ಯಾಬಿನ ಸಂಶೋಧನೆ ನಡೆಯಲಿ, ಅದರಲ್ಲೇನೂ ತಕರಾರಿಲ್ಲ. ಆದರೆ ಸೀಸೆಯಿಂದ ಕೋಳಿಯ ಕಣ್ಣಿನವರೆಗಿನ ದಾರಿಯೂ ಸಂಶೋಧನೆಯೇ ಅಲ್ವಾ? ಅದಕ್ಕೆ ಯಾಕೆ ನಮ್ಮಲ್ಲಿ ಅಷ್ಟು ಬೆಲೆ ಇಲ್ಲ?

ಇನ್ನೊಂದು ಮಾತು. ಊರಲ್ಲಿ ಕೋಳಿ ಸಾಯಲು ಶುರುವಾದ ಮೇಲೆ ಲಸಿಕೆಗೆ ಓಡುತ್ತೇವೆ. ಅಷ್ಟರಲ್ಲಿ ಉಳಿದವಕ್ಕೂ ಸೋಂಕು ತಗುಲಿರುತ್ತದೆ, ಅವೂ ಸಾಯುತ್ತವೆ, ಕೆಟ್ಟ ಹೆಸರು ಲಸಿಕೆಗೆ. ಕೆಲವರು ಸಾಯುವ ಮುಂಚೆ ನಾಲ್ಕು ಕಾಸಾದರೂ ಸಿಗಲಿ ಅಂತ ಸಂತೆಗೆ ಒಯ್ಯುತ್ತಾರೆ. ವೈರಸ್ಸು ಅದೇ ಬುಟ್ಟಿಯಲ್ಲಿ ಪಕ್ಕದೂರಿಗೆ ಹೋಗುತ್ತದೆ. ಇದನ್ನು ಸುಮ್ನೆ ಬೈದು ಪ್ರಯೋಜನ ಇಲ್ಲ. ಆ ಕೋಳಿ ಅದನ್ನು ಸಾಕಿದ ಹೆಂಗಸಿನ ಕೈಯಲ್ಲಿರುವ ಒಂದೇ ಸ್ವಂತ ದುಡ್ಡು. ಮಗುವಿನ ಶಾಲೆ ಖರ್ಚು, ಬಸ್ಸಿನ ಚಾರ್ಜು, ಜಾತ್ರೆಯ ಬಳೆ, ಎಲ್ಲ ಅದರಿಂದಲೇ.

ಹಾಗಾಗಿ ಬೇಸಿಗೆಗೆ ಮುಂಚೆ, ಜಾತ್ರೆಗಳು ಶುರುವಾಗುವ ಮುಂಚೆ, ಇಡೀ ಊರಿಗೆ ಒಂದೇ ದಿನ ಹಾಕಿ. ಆಗ ನೂರರ ಸೀಸೆಯೂ ಹಾಳಾಗುವುದಿಲ್ಲ. ಬೆಳಗ್ಗೆ ಗೂಡು ತೆರೆಯುವ ಮುಂಚೆ ಬಂದರೆ ಕೋಳಿ ಹಿಡಿಯುವುದೂ ಸುಲಭ. ಹತ್ತು ಗಂಟೆಗೆ ಕ್ಯಾಂಪ್ ಅಂತ ಇಟ್ಟರೆ ಅವು ಅಷ್ಟು ಹೊತ್ತಿಗೆ ಬೇಲಿ ದಾಟಿರುತ್ತವೆ! ಈಗ ಪಶು ಸಖಿಯರಿದ್ದಾರೆ, ಅಂದರೆ ದನ, ಕೋಳಿಗಳ ಆರೈಕೆಗೆ ತರಬೇತಿ ಪಡೆದ ಹಳ್ಳಿಯ ಹೆಂಗಸರು. ಅವರಿಗೆ ಒಂದು ಐಸ್ ಡಬ್ಬಿ ಕೊಡಿ, ಕೋಳಿಗೆ ಇಷ್ಟು ಅಂತ ಕೂಲಿ ಕೊಡಿ.

ಮುಂದಿನ ಸಲ ಪಶು ಆಸ್ಪತ್ರೆಗೆ ಹೋದಾಗ ನೀವೂ ಕೇಳಿ: ನಮ್ಮೂರ ನಾಟಿ ಕೋಳಿಗೆ ಲಸಿಕೆ ಯಾವ ದಿನ? ಏನು ಉತ್ತರ ಸಿಕ್ಕಿತು ಅಂತ ಊರಿನ ಹೆಸರಿನ ಜೊತೆ ಕಮೆಂಟಿನಲ್ಲಿ ಬರೆಯಿರಿ.