ಪೆಟ್ಟಿಗೆ ಕಂಪನಿಯದು, ಪ್ರಯಾಣ ನಿಮ್ಮದು

ಕೇಳುಗರೆಲ್ಲರಿಗೂ ನಮಸ್ಕಾರ.

ಗಾಲಿ ಮುರಿದ ಸೂಟ್‌ಕೇಸ್ ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಇದ್ದೀತು. ಒಳಗೆ ಹಳೇ ಸ್ವೆಟರು, ಕೌದಿ ತುಂಬಿಟ್ಟಿರುತ್ತೀರಿ. ಒಗೀಲಿಕ್ಕೆ ಮನಸ್ಸಿಲ್ಲ, ಊರಿಗೆ ಒಯ್ಯಲಿಕ್ಕೆ ಬರುವುದಿಲ್ಲ. ಮಾರಿದ ಕಂಪನಿಯೇ ಅದರ ಮಾಲೀಕನಾಗಿ ಉಳಿದಿದ್ದರೆ ಆ ಪೆಟ್ಟಿಗೆ ಇವತ್ತಿಗೂ ರೈಲಿನಲ್ಲಿ ಓಡಾಡುತ್ತಿತ್ತು. ನಾನು ಹೇಳುವುದು ಇದೊಂದೇ ಮಾತು: ಬ್ಯಾಗ್ ಮಾಡುವವರು ಬ್ಯಾಗ್ ಮಾರುವುದನ್ನು ಬಿಟ್ಟು ಬಾಡಿಗೆಗೆ ಕೊಡಬೇಕು.

ಸೂಟ್‌ಕೇಸಿಗೆ ಗಾಲಿ ಬಂದದ್ದು ತಡವಾಗಿ. ಅಮೆರಿಕದ ಬರ್ನಾರ್ಡ್ ಸ್ಯಾಡೋ ಅವರಿಗೆ ಪೇಟೆಂಟ್ ಸಿಕ್ಕಿದ್ದು 1972ರಲ್ಲಿ. ಈಗಿನ ಹಾಗೆ ನೆಟ್ಟಗೆ ನಿಲ್ಲಿಸಿ, ಉದ್ದ ಹಿಡಿಕೆಯಿಂದ ಎಳೆಯುವ ಪೆಟ್ಟಿಗೆಯನ್ನು ರಾಬರ್ಟ್ ಪ್ಲಾತ್ ಎಂಬ ಪೈಲಟ್ ಮಾಡಿದ್ದು 1987ರಲ್ಲಿ. ಅಲ್ಲಿಂದ ಇಡೀ ಪೆಟ್ಟಿಗೆಯ ಆಯುಷ್ಯ ಗಾಲಿಯ ಆಯುಷ್ಯಕ್ಕೆ ಇಳಿಯಿತು. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ. ಆ ತುದಿಯಿಂದ ಈ ತುದಿಗೆ ಎಳೆದರೆ ಅಷ್ಟು ಸಣ್ಣ ಗಾಲಿ ಏನಾದೀತು, ನೀವೇ ಹೇಳ್ರಿ.

ಹೋದ ಮಳೆಗಾಲದಲ್ಲಿ ನನ್ನದೊಂದು ಪೆಟ್ಟಿಗೆಯನ್ನು ದುರ್ಗದ ಬೈಲ್ ಹತ್ತಿರ ಬ್ಯಾಗ್ ರಿಪೇರಿ ಮಾಡುವವರ ಬಳಿ ಒಯ್ದಿದ್ದೆ. ಕೊಂಡ ಅಂಗಡಿಯಲ್ಲಿ "ಗಾಲಿ ಬಿಡಿಯಾಗಿ ಬರೂದಿಲ್ಲರಿ, ಹೊಸಾದು ತಗೋರಿ" ಅಂದಿದ್ದರು. ಗಾಲಿಯ ಮೇಲಿನ ಹೊದಿಕೆ ಬೆರಳು ತಾಗಿದರೆ ಪುಡಿಪುಡಿಯಾಗಿ ಉದುರುತ್ತಿತ್ತು. ಅದು ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್, ಬಳಸದೆ ಅಟ್ಟದಲ್ಲಿಟ್ಟರೂ ಗಾಳಿಯ ತೇವಕ್ಕೆ ಹಾಳಾಗುತ್ತದೆ. ರಿಪೇರಿಯವರು ಪೆಟ್ಟಿಗೆ ಬೋರಲು ಹಾಕಿ ತೋರಿಸಿದರು: ಎಲ್ಲೂ ಸ್ಕ್ರೂ ಇಲ್ಲ, ರಿವೆಟ್ ಬಡಿದಿದ್ದಾರೆ. ಒಳಗಿನ ಬಟ್ಟೆಗೆ ಜಿಪ್ ಇಲ್ಲ, ಅಂಟು ಹಾಕಿದ್ದಾರೆ. ಅವರು ಬ್ಲೇಡಿನಿಂದ ಬಟ್ಟೆ ಸೀಳಿದರು, ರಿವೆಟ್ಟಿನ ತಲೆಯನ್ನು ಡ್ರಿಲ್ಲಿನಿಂದ ಕೊರೆದು ಹಾರಿಸಿದರು. ಆಮೇಲೆ ಒಂದು ಡಬ್ಬಿ ಸುರಿದರು. ಹಳೇ ಬ್ಯಾಗುಗಳಿಂದ ಬಿಚ್ಚಿದ ಗಾಲಿಗಳೇ ಗಾಲಿಗಳು! ಒಂದರ ಅಚ್ಚು ದಪ್ಪ, ಇನ್ನೊಂದು ಎತ್ತರ, ಮತ್ತೊಂದರ ತೂತು ಅರ್ಧ ಬೆರಳು ಆಚೆ. ಒಂದು ಕಂಪನಿಯದು ಇನ್ನೊಂದಕ್ಕೆ ಕೂಡುವುದೇ ಇಲ್ಲ. ಅವರೂ ಬಿಡಲಿಲ್ಲ. ಕಡೆಗೊಂದು ಜೋಡಿ ಕೂತಿತು, ನಟ್ಟು ಬೋಲ್ಟು ಬಿಗಿದರು. "ಸರ, ಮುಂದಿನ ಸಲ ನೀವ ಬಿಚ್ಚಿ ಹಾಕಬಹುದು" ಅಂದರು.

ಬೋಲ್ಟ್ ಹಾಕುವುದು ಕಂಪನಿಗೆ ಗೊತ್ತಿಲ್ಲವೇನು? ಗೊತ್ತಿದೆ. ರಿವೆಟ್ ಬಡಿದರೆ ಕೆಲಸ ಬೇಗ ಮುಗಿಯುತ್ತದೆ, ಮುರಿದಾಗ ಖರ್ಚು ನಿಮ್ಮ ಮೈಮೇಲೆ ಬರುತ್ತದೆ. ಅದೇ ಪೆಟ್ಟಿಗೆ ಕಂಪನಿಯದಾಗಿದ್ದು, ನಿಮಗೆ ವಾರದ ಬಾಡಿಗೆಗೆ ಕೊಟ್ಟಿದ್ದರೆ? ಮುರಿದರೆ ಖರ್ಚು ಕಂಪನಿಯದು. ಮರುದಿನವೇ ಬೋಲ್ಟ್ ಬರುತ್ತದೆ ನೋಡ್ರಿ!

ಮದುವೆಗೆ ಹಂಡೆ, ಕೊಪ್ಪರಿಗೆ ಯಾರೂ ಕೊಳ್ಳುವುದಿಲ್ಲ, ಬಾಡಿಗೆಗೆ ತರುತ್ತೇವೆ. ಕಲಾಯಿ ಮಾಡಿಸುವ ಚಿಂತೆ ಮಾಲೀಕರದು. ವರ್ಷಕ್ಕೊಮ್ಮೆ ತಿರುಪತಿಗೆ, ಮಗಳ ಮನೆಗೆ ಒಯ್ಯುವ ಪೆಟ್ಟಿಗೆಗೆ ಅಷ್ಟು ಸಾಲದೇ? ರಿಪೇರಿಯ ಚಿಂತೆ ಮಾಡಿದವರಿಗೇ ಬಿಡುವುದು ದೊಡ್ಡ ಯಂತ್ರಗಳಲ್ಲಿ ಹಳೆಯ ಪದ್ಧತಿ. 1962ರಲ್ಲಿ ಬ್ರಿಟನ್ನಿನ ಬ್ರಿಸ್ಟಲ್ ಸಿಡ್ಲಿ ಕಂಪನಿ ವಿಮಾನದ ಎಂಜಿನ್ ನಿರ್ವಹಣೆಗೆ ಹಾರಿದ ಗಂಟೆಯ ಲೆಕ್ಕದಲ್ಲಿ ದರ ಗೊತ್ತುಮಾಡಿತು, ಮುಂದೆ ರೋಲ್ಸ್‌ರಾಯ್ಸ್ ಅದನ್ನು ಬೆಳೆಸಿತು. ಎಂಜಿನ್ ಎಷ್ಟು ಕಡಿಮೆ ಕೆಟ್ಟರೆ ಕಂಪನಿಗೆ ಅಷ್ಟು ಲಾಭ. ಸೂಟ್‌ಕೇಸಿಗೂ ಇದೇ ಲೆಕ್ಕ ಹೊಂದುತ್ತದೆ.

ರೀಸೈಕಲ್ ಬಗ್ಗೆ ಬಹಳ ಹೇಳುವುದಿತ್ತು, ಸಮಯ ಸಾಲುತ್ತಿಲ್ಲ. ಪೆಟ್ಟಿಗೆಯ ಮೈ ಪಾಲಿಪ್ರೊಪಿಲೀನ್ ಅಥವಾ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್, ಒಳಗೆ ಪಾಲಿಯೆಸ್ಟರ್ ಬಟ್ಟೆ, ಹಿಡಿಕೆ ಅಲ್ಯುಮಿನಿಯಂ, ಕೂಡಿಸಿದ್ದು ಅಂಟು, ರಿವೆಟ್ಟಿನಿಂದ. ಗುಜರಿಯವರು ಬಿಡಿಸುವುದು ಹೇಗೆ? ಬಾಡಿಗೆ ಪೆಟ್ಟಿಗೆಯಾದರೆ ಕೊನೆಗೆ ಮಾಡಿದವರ ಕೈಗೇ ಮರಳುತ್ತದೆ. ಬಿಚ್ಚುವುದು ಹೇಗೆಂದು ಅವರಿಗೆ ಗೊತ್ತು. ಪ್ರತಿ ಊರಲ್ಲೂ ರಿಪೇರಿ ಮಾಡುವ ಕೈ ಬೇಕಾಗುತ್ತದೆ, ದುರ್ಗದ ಬೈಲಿನವರಿಗೆ ತಿಂಗಳಿಡೀ ಕೆಲಸ ಸಿಗುತ್ತದೆ.

ಹೊಸ ಬ್ಯಾಗ್ ಕೊಳ್ಳಲು ಹೊರಟಿದ್ದರೆ ಅಂಗಡಿಯಲ್ಲೇ ಅದನ್ನು ಬೋರಲು ಹಾಕಿ ನೋಡ್ರಿ. ರಿವೆಟ್ ಕಂಡರೆ, ಗಾಲಿ ಬಿಡಿಯಾಗಿ ಕೊಡ್ತೀರೇನು ಎಂದು ಕೇಳ್ರಿ. ಬಾಡಿಗೆಗೆ ಕೊಡ್ತೀರೇನು ಎಂದೂ ಕೇಳ್ರಿ. ಗಿರಾಕಿಗಳು ಮೇಲಿಂದ ಮೇಲೆ ಕೇಳಿದರೆ ಅಂಗಡಿಯವರು ಆ ಮಾತನ್ನು ಕಂಪನಿಗೆ ಮುಟ್ಟಿಸುತ್ತಾರೆ. ನಮಸ್ಕಾರ.